ಓದಿ ಹೇಳದ ಒಪ್ಪಿಗೆ

ಏಳನೆಯ ಕಂತು

"ಇವೆರಡರಲ್ಲಿ ನೀನು ತುಂಬಿದ್ದು ಯಾವುದಪ್ಪ?"

ಎರಡು ಕಾಗದವನ್ನೂ ಕೌಂಟರಿನ ಗಾಜಿನ ಮೇಲೆ ಪಕ್ಕಪಕ್ಕದಲ್ಲಿಟ್ಟೆ. ಫ್ಯಾನಿನ ಗಾಳಿಗೆ ಹಾರದಂತೆ ಒಂದರ ಮೇಲೆ ನನ್ನ ಕನ್ನಡಕದ ಡಬ್ಬಿ, ಇನ್ನೊಂದರ ಮೇಲೆ ಅವನದೇ ಸ್ಟೇಪ್ಲರು.

ಶಿವರಾಮು ತಲೆ ಎತ್ತಲಿಲ್ಲ. ಹರವೆ ಬಸ್ ಸ್ಟ್ಯಾಂಡಿನ ಎದುರಿಗೆ ಅವನ ಆನ್‌ಲೈನ್ ಅಂಗಡಿ. ಮಧ್ಯಾಹ್ನ ಒಂದು ಗಂಟೆ. ಪಹಣಿಗೆ ಬಂದವರು, ಪಿಂಚಣಿ ಕೇಳಲು ಬಂದವರು ಐದಾರು ಜನ ಬೆಂಚಿನ ಮೇಲೆ ಕೂತಿದ್ದರು.

"ಮಂಟೇಸಾಮಣ್ಣ, ಸರ್ವರ್ ಈಗ ಬಂದದ. ಇವರದೊಂದು ಮುಗಿಸ್ಬುಡ್ತೀನಿ, ಕೂತ್ಕ."

"ಕೂತ್ಕತೀನಿ. ನನಗೇನೂ ಅವಸರ ಇಲ್ಲ. ಮೂರು ಗಂಟೆಗೆ ಚಿಕ್ಕನಿಂಗಮ್ಮನ ಹೆಬ್ಬೆಟ್ಟು ಒತ್ತಿಸ್ಕಳಕ್ಕೆ ಬತ್ತಾರೆ. ಅವಸರ ಇರೋದು ಅವಳಿಗೆ."

ಮೌಸಿನ ಮೇಲಿದ್ದ ಅವನ ಕೈ ನಿಂತಿತು.

ಹನ್ನೊಂದು ದಿನದ ಹಿಂದೆ, ಶನಿವಾರ, ಬೇಗೂರಿನ ಹತ್ತಿರದ ಸೂರ್ಯಕಾಂತಿ ಹೊಲವೊಂದರಲ್ಲಿ ಹೂವಿನ ಹಬ್ಬ ಅಂತ ನಡೆಯಿತು. ಮೇಲೆ ಹತ್ತಿ ಹೂ ನೋಡಲೆಂದು ಕಟ್ಟಿದ್ದ ಅಟ್ಟಣೆ ಮುರಿದು ಚಿಕ್ಕನಿಂಗಮ್ಮನ ಮಗಳು ಭಾನು ಸತ್ತಳು. ಹದಿನೇಳು ವರ್ಷ. ಚಾಮರಾಜನಗರದಲ್ಲಿ ಎರಡನೇ ಪಿಯುಸಿ ಓದುತ್ತಿದ್ದ ಹುಡುಗಿ.

ಹಬ್ಬ ಮಾಡಿದ ಹೊಂಬಿಸಿಲು ಕಂಪನಿಯವರು ಠಾಣೆಗೆ ಒಂದು ಹಾಳೆ ಕೊಟ್ಟಿದ್ದಾರೆ. ಏನೇ ಆದರೂ ಕಂಪನಿ ಹೊಣೆಯಲ್ಲ ಎಂಬ ಷರತ್ತಿಗೆ ಹುಡುಗಿಯ ತಾಯಿಯೇ ಟಿಕೆಟ್ ತೆಗೆಯುವಾಗ ಒಪ್ಪಿದ್ದಾಳೆ, ಎಂದು ಅದರಲ್ಲಿದೆ.

ನಾನು ಮೂವತ್ತೊಂದು ವರ್ಷ ಚಾಮರಾಜನಗರದ ಕೋರ್ಟಿನಲ್ಲಿ ಅಮೀನನಾಗಿದ್ದವನು. ಸಮನ್ಸು ಹೊತ್ತು ಊರೂರು ಅಲೆದವನು. ಅದಕ್ಕೇ ಚಿಕ್ಕನಿಂಗಮ್ಮ ನನ್ನ ಬಳಿ ಬಂದಿದ್ದಳು. ಕೇಳಿದ್ದು ಒಂದೇ ಮಾತು. "ನನ್ನ ಮೊಗ ಸಾಯಕ್ಕೆ ನಾ ಯಾವಾಗ ಒಪ್ಕಂಡೆ ಅಂತ ನೋಡ್ಕಂಡು ಬಾ ಅಣ್ಣ."

ಇವತ್ತು ಅವಳು ಕಂಪನಿಯ ಜೊತೆಗಿನ ರಾಜಿ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದರೆ ಆ ಹಾಳೆಯಲ್ಲಿರುವುದೇ ಸತ್ಯವಾಗಿ ಉಳಿಯುತ್ತದೆ. ಆಮೇಲೆ ಯಾರೂ ಕೇಳುವುದಿಲ್ಲ.

"ನಂದೇನೂ ತಪ್ಪಿಲ್ಲ ಕಣಣ್ಣ," ಎಂದ ಶಿವರಾಮು.

"ತಪ್ಪು ಅಂದ್ನಾ ನಾನು? ಯಾವುದು ನಿಂದು ಅಂದೆ."

ಅವನು ಬಗ್ಗಿ ನೋಡಿದ. ಎಡಗಡೆಯ ಕಾಗದದ ಮೇಲೆ ಬೆರಳಿಟ್ಟ.

"ಇದು. ಗುರುವಾರ ಬೆಳಿಗ್ಗೆ ಹತ್ತೂವರೆ. ನಮ್ಮೂರಿಂದ ಹದಿನಾಲ್ಕು ಟಿಕೆಟ್ಟು. ಹದಿನಾಲ್ಕಕ್ಕೂ ನನ್ನ ಫೋನ್ ನಂಬರೇ."

"ಯಾಕೆ, ಅವರಿಗೆ ಫೋನಿಲ್ವಾ?"

"ಫೋನು ಅವ. ಅವರ ನಂಬರ್ ಕೊಟ್ರ ಒಟಿಪಿ ಅವರ ಫೋನಿಗ ಹೋಯ್ತದ. ಫೋನು ಮನೇಲಿರ್ತದ, ಆಳು ಇಲ್ಲಿರ್ತದ. ಮನೆಗೋಗಿ ತರೋ ಹೊತ್ಗ ಒಟಿಪಿ ಸತ್ತೋಗಿರ್ತದ. ಅದ್ಕೇ ಯಾರ್ ಬಂದ್ರೂ ನನ್ನ ನಂಬರ್ ಹಾಕ್ಬುಡದು. ಬಸ್ ಪಾಸು, ದೇವಸ್ಥಾನದ ಟಿಕೆಟ್ಟು, ಎಲ್ಲಕ್ಕೂ ಹಂಗೇ."

"ವಯಸ್ಸು?"

ಅವನು ಮತ್ತೆ ಕಂಪ್ಯೂಟರಿನ ಕಡೆ ತಿರುಗಿದ.

"ಭಾನುಗೆ ಹತ್ತೊಂಬತ್ತು ಅಂತ ಹಾಕಿದ್ದೀಯ. ಹದಿನಾಲ್ಕು ಜನಕ್ಕೂ ಹತ್ತೊಂಬತ್ತೇ. ಇಲ್ನೋಡು, ರಾಚಮ್ಮಂಗೂ ಹತ್ತೊಂಬತ್ತು."

ಬೆಂಚಿನ ತುದಿಯಲ್ಲಿದ್ದ ರಾಚಮ್ಮ ಅರವತ್ತು ದಾಟಿದವಳು. ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸಿದಳು.

"ನಿನ್ನ ಬಾಯ್ಗ ಸಕ್ಕರ ಹಾಕ. ಹತ್ತೊಂಬತ್ತಾಗಿದ್ರ ಇಲ್ಯಾಕ ಪಿಂಚಣಿಗ ಕಾಯ್ತಿದ್ದೆ?"

ಯಾರೋ ನಕ್ಕರು. ಶಿವರಾಮು ನಗಲಿಲ್ಲ.

"ಹದಿನೆಂಟರ ಒಳಗಿದ್ರ ಅಪ್ಪ ಅವ್ವನ ನಂಬರ್ ಕೇಳ್ತದ ಕಣಣ್ಣ. ಅವರಿಗ ಇನ್ನೊಂದು ಒಟಿಪಿ. ಎಲ್ರಿಗೂ ಒಂದೇ ವಯಸ್ಸು ಹಾಕಿ ಕಾಪಿ ಹೊಡದ್ರ ಬೇಗ ಮುಗೀತದ."

"ಕೆಳಗೆ ಚೌಕದೊಳಗೆ ಸರಿ ಗುರುತು ಹಾಕಿದ್ಯಲ್ಲ. ಅಲ್ಲೇನಿತ್ತು ಅಂತ ಓದಿದ್ಯಾ?"

"ಯಾರ್ ಓದ್ತಾರ? ಟಿಕ್ ಹಾಕುದ್ರ ಮುಂದಕ್ಕೋಯ್ತದ, ಹಾಕ್ದಿದ್ರ ಹೋಗಲ್ಲ. ದಿನಕ್ಕ ನೂರು ಟಿಕ್ ಹಾಕ್ತೀನಿ ನಾನು. ಓದ್ತಾ ಕೂತ್ರ ಇವರೆಲ್ಲ ನಾಳೆ ತಂಕ ಇಲ್ಲೇ ಮಲಗ್ಬೇಕು."

"ಈಗ ಓದು."

"ಈಗ್ಲಾ?"

"ಗಟ್ಟಿಯಾಗಿ ಓದು. ಅವರೂ ಕೇಳ್ಲಿ."

ಅವನು ಕಂಪ್ಯೂಟರಿನಲ್ಲಿ ಆ ಪುಟ ತೆಗೆದ. ಇಂಗ್ಲಿಷಿನಲ್ಲಿತ್ತು. ಮೂಲೆಯಲ್ಲಿ ಕನ್ನಡದ ಗುಂಡಿ ಇತ್ತು. ಮೊದಲಿಂದಲೂ ಅಲ್ಲೇ ಇತ್ತಂತೆ, ಯಾರೂ ಒತ್ತಿರಲಿಲ್ಲ. ಒತ್ತಿದ. ಗಂಟಲು ಸರಿಮಾಡಿಕೊಂಡು ಓದಿದ.

"'ಕಾರ್ಯಕ್ರಮದ ಜಾಗದಲ್ಲಿರುವ ಅಟ್ಟಣೆ, ಏಣಿ, ಉಯ್ಯಾಲೆ ಮುಂತಾದವುಗಳಿಂದ ಬಿದ್ದು ಗಾಯವಾದರೂ, ಅಂಗ ಊನವಾದರೂ, ಜೀವ ಹೋದರೂ...'"

ದನಿ ಇಳಿಯಿತು.

"ಮುಂದಕ್ಕೆ."

"'ಅದು ಸಂಘಟಕರ ಅಥವಾ ಅವರ ಗುತ್ತಿಗೆದಾರರ ಅಜಾಗರೂಕತೆಯಿಂದಲೇ ಆಗಿದ್ದರೂ, ನಾನಾಗಲಿ ನನ್ನ ವಾರಸುದಾರರಾಗಲಿ ದಾವೆ ಹೂಡುವುದಿಲ್ಲ. ಇದನ್ನು ಓದಿ, ತಿಳಿದು, ಒಪ್ಪಿದ್ದೇನೆ.'"

"ಇದು ನನ್ನ ಹೆಸ್ರಲ್ಲೂ ಅದಾ?" ಎಂದಳು ರಾಚಮ್ಮ.

"ಅದ ಕಣವ್ವ."

"ಓದಿ ತಿಳದು ಅಂತಾನೂ ಅದಾ?"

"ಅದ."

"ನಂಗ ಓದಕ್ಕೇ ಬರಲ್ವಲ್ಲಲಾ ಶಿವರಾಮು."

ಬೈದು ಹೇಳಿದ ಮಾತಲ್ಲ ಅದು. ಅವನು ಎರಡೂ ಕೈಯಲ್ಲಿ ಮುಖ ಒರೆಸಿಕೊಂಡ.

ಹಿಂದೆ ಹೆಬ್ಬೆಟ್ಟು ಒತ್ತುವವರ ಮುಂದೆ ಪತ್ರವನ್ನು ಗಟ್ಟಿಯಾಗಿ ಓದಲೇಬೇಕಿತ್ತು. ಓದಿ ಹೇಳಿ ಕೇಳಿ ಸರಿಯಿದೆ ಎಂದು ಕೆಳಗೆ ಬರೆಯಬೇಕು. ಅದರ ಕೆಳಗೆ ಪತ್ರ ಬರೆದವನು ಬಿಕ್ಕಲಂ ಎಂದು ತನ್ನ ಹೆಸರು ಹಾಕಬೇಕು. ಎಂಬತ್ತೆಂಟರಲ್ಲಿ ಪುಣಜನೂರಿನ ಮುದುಕಿಯೊಬ್ಬಳು, ಓದಿ ಹೇಳದೆ ಹೆಬ್ಬೆಟ್ಟು ಕೊಡುವುದಿಲ್ಲ ಎಂದು ಕೈಯನ್ನು ಸೆರಗಿನೊಳಗೆ ಮಡಗಿ ಕೂತುಬಿಟ್ಟಿದ್ದಳು. ನನಗೆ ಬಸ್ಸು ತಪ್ಪುತ್ತದೆಂದು ಸಿಟ್ಟು. ಕೊನೆಗೆ ಓದಿದೆ. ಹೆಸರು ಅವಳದೇ, ಗಂಡನ ಹೆಸರು ಬೇರೆ. ಸಮನ್ಸು ಇನ್ಯಾರದೋ. ಓದದಿದ್ದರೆ ಇನ್ಯಾರದೋ ವ್ಯಾಜ್ಯ ಅವಳ ತಲೆಗೆ ಬಂದಿರುತ್ತಿತ್ತು.

ಅವತ್ತಿನಿಂದ ಯಾವ ಕಾಗದ ಕೈಗೆ ಬಂದರೂ ನಾನು ಮೊದಲು ಕೆಳಗೆ ನೋಡುತ್ತೇನೆ. ಬರೆದವನು ಯಾರು?

"ಹಂಗಾದ್ರೆ ಇದರ ಬಿಕ್ಕಲಂ ಯಾರು?" ಬಲಗಡೆಯ ಕಾಗದವನ್ನು ಅವನ ಮುಂದೆ ತಳ್ಳಿದೆ. ಕಂಪನಿಯವರು ಠಾಣೆಗೆ ಕೊಟ್ಟಿದ್ದ ಹಾಳೆಯ ನಕಲು ಅದು.

ಶಿವರಾಮು ಅದನ್ನು ಎರಡು ಸಲ ನೋಡಿದ.

"ಇದು ನಂದಲ್ಲ. ಇದ್ರಲ್ಲಿ ವಯಸ್ಸು ಹದಿನೇಳು ಅಂತ ಸರ್ಯಾಗಿ ಹಾಕವ್ರ. ಅವ್ವನ ಹೆಸರು, ಅವ್ವನ ನಂಬರು. ಶನಿವಾರ ನಾಕು ಐವತ್ತೆರಡು." ನಿಲ್ಲಿಸಿದ. "ಅಣ್ಣ, ನಾಕು ಐವತ್ತೆರಡಕ್ಕ ನಾನು ಗುಂಡ್ಲುಪೇಟೆ ಆಸ್ಪತ್ರೆ ಮುಂದ ನಿಂತಿದ್ದೆ. ಆಗ್ಲೇ ಭಾನುನ ಒಳಗ ತಗಂಡೋಗಿದ್ರು."

ಮೂರನೆಯ ಕಾಗದ ತೆಗೆದೆ. ಬೆಳಿಗ್ಗೆ ಗುಂಡ್ಲುಪೇಟೆಯಿಂದ ತಂದದ್ದು. ಆಸ್ಪತ್ರೆಯ ಚೀಟಿ. ತಂದಾಗಲೇ ಜೀವ ಇರಲಿಲ್ಲ, ಸಂಜೆ ನಾಲ್ಕೂವರೆ, ಎಂದು ವೈದ್ಯರು ಬರೆದಿದ್ದರು.

"ಇಪ್ಪತ್ತೆರಡು ನಿಮಿಷ," ಎಂದ ಶಿವರಾಮು. "ಸತ್ತು ಇಪ್ಪತ್ತೆರಡು ನಿಮಿಷ ಆದ್ಮೇಲ ಹೂ ನೋಡಕ್ಕೋಗಕ್ಕ ಒಪ್ಪಿಗೆ."

"ಯಾಕೆ ಬೇಕಾಯ್ತು ಇನ್ನೊಂದು?"

"ನಾನು ಹಾಕಿದ್ದು ನಿಲ್ಲಲ್ವಲ್ಲ. ಅವಳ ಕೊರಳಲ್ಲಿ ಕಾಲೇಜ್ ಕಾರ್ಡ್ ಇತ್ತು, ಹುಟ್ಟಿದ ತಾರೀಕು ಅದರ ಮ್ಯಾಲದ. ಚಿಕ್ಕ ಹುಡುಗಿ ಅಂತ ಗೊತ್ತಾಗ್ಬುಟ್ಟದ. ಅವ್ವನ ಒಪ್ಪಿಗೆ ಇಲ್ದೆ ತಾವು ಸಿಕ್ಕಾಕತೀವಿ ಅಂತ ಆಗ ಮಾಡವ್ರ."

"ಒಟಿಪಿ ಇಲ್ದೆ ಮಾಡಕ್ಕಾಯ್ತದಾ?"

"ಆಗಲ್ಲ. ಆ ಆರು ಅಂಕಿ ಅವ್ವನ ಫೋನಿಗೇ ಬಂದಿರ್ಬೇಕು. ಯಾರೋ ಅವಳಿಂದ ತಗಂಡವ್ರ."

ಕಾಗದಗಳನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡೆ. ಅವನು ಬಾಗಿಲ ತನಕ ಬಂದ.

"ಅಣ್ಣ, ಹತ್ತೊಂಬತ್ತು ಅಂತ ಹಾಕ್ದೆ ಇದ್ದಿದ್ರ, ಅವ್ವನ್ನ ಕೇಳ್ಬೇಕಾಗಿತ್ತು. ಚಿಕ್ಕನಿಂಗವ್ವ ಬ್ಯಾಡ ಅಂತಿದ್ಲೋ ಏನೋ."

ನಾನು ಊರುಗೋಲು ಊರಿ ಬೀದಿಗಿಳಿದೆ.

ಚಿಕ್ಕನಿಂಗಮ್ಮನ ಮನೆ ಊರಿನ ತೆಂಕಲಿಗೆ. ನಡೆಯುತ್ತ ಬೆಳಿಗ್ಗೆ ಬೇಗೂರಿನಲ್ಲಿ ಕಂಡದ್ದನ್ನು ನೆನೆದುಕೊಂಡೆ. ಹೊಲದಲ್ಲಿ ಅಟ್ಟಣೆಯ ಗುರುತೇ ಇಲ್ಲ. ಕಂಬ ಕಿತ್ತು ಸಾಗಿಸಿ ಆಗಿದೆ. ಕೇರಳದ ಕಾರೊಂದು ರಸ್ತೆ ಬದಿಗೆ ನಿಂತಿತ್ತು, ಹೆಂಗಸರು ಮಕ್ಕಳು ಹೂವಿನ ನಡುವೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಹೊಲ ಕಾಯುವ ಚಿಕ್ಕಮಾದು ಮಾತ್ರ ನನ್ನನ್ನು ಕಂಬದ ಗುಳಿಗಳ ಹತ್ತಿರ ಕರೆದುಕೊಂಡು ಹೋದ. ನನ್ನ ಊರುಗೋಲು ಇಳಿಸಿ ನೋಡಿದೆ. ಒಂದು ಗೇಣಿಗೆ ತಳ ಸಿಕ್ಕಿತು.

"ಎಮ್ಮೆ ಕಟ್ಟೋ ಗೂಟಾನೂ ಇದಕ್ಕಿಂತ ಆಳಕ್ಕ ಹೂಳ್ತೀವಿ," ಎಂದಿದ್ದ ಚಿಕ್ಕಮಾದು. ಕಟ್ಟಿದವರು ಯಾರೆಂದು ಕೇಳಿದರೆ, ಕಾಡಿನ ಕಡೆಯವರು, ಮೇಸ್ತ್ರಿಯನ್ನು ತಾನು ಕಾಣಲಿಲ್ಲ ಎಂದ. ಕಂಪನಿಯ ಮ್ಯಾನೇಜರ್ ರಘುನಾಥನನ್ನು ಫೋನಿನಲ್ಲಿ ಕೇಳಿದ್ದೆ. ಗುತ್ತಿಗೆದಾರರ ಹೆಸರು ಕೊಡಲಾಗುವುದಿಲ್ಲ, ಎಂದು ಬಹಳ ವಿನಯದಿಂದ ಹೇಳಿದ್ದ.

ಚಿಕ್ಕನಿಂಗಮ್ಮ ಜಗುಲಿಯ ಮೇಲೆ ಕೂತಿದ್ದಳು. ಮುಂದೆ ಮೊರದಲ್ಲಿ ಅವರೆಕಾಳು. ಕೈ ಆಡುತ್ತಿರಲಿಲ್ಲ. ಒಳಗೆ ಗೋಡೆಗೆ ಭಾನುವಿನ ಕಾಲೇಜು ಬ್ಯಾಗು ಹಾಗೇ ನೇತಾಡುತ್ತಿತ್ತು.

"ಗುರುಸ್ವಾಮಿ ಇಲ್ವಾ?" ಎಂದೆ.

"ಚಾಮರಾಜನಗರಕ್ಕ ಹೋಗವನ, ಪತ್ರ ಬರಸ್ಕ ಬರಕ್ಕ. ಮೂರು ಗಂಟೆಗ ಬತ್ತೀನಿ ಅಂದ."

ಗುರುಸ್ವಾಮಿ ಅವಳ ಒಡಹುಟ್ಟಿದ ತಮ್ಮ. ಕಾಡಂಚಿನ ಪುಣಜನೂರಿನವನು, ಮದುವೆ ಮನೆಗಳಿಗೆ ಚಪ್ಪರ ಹಾಕುವುದು ಕಸುಬು. ಆ ಶನಿವಾರ ಗಡಿಯಾಚೆ ತಾಳವಾಡಿಯಲ್ಲಿ ಚಪ್ಪರದ ಕೆಲಸದಲ್ಲಿದ್ದನಂತೆ, ಸುದ್ದಿ ಮುಟ್ಟಿದ್ದೇ ಕತ್ತಲಾದ ಮೇಲಂತೆ. ಅಂದಿನಿಂದ ಅಕ್ಕನ ಮನೆಯಲ್ಲೇ ಇದ್ದಾನೆ. ಮಣ್ಣು ಮಾಡಿದ ಮೇಲಿನ ಹಾಲುತುಪ್ಪದ ಕಾರ್ಯವನ್ನೂ ಅವನೇ ಮುಂದೆ ನಿಂತು ಮಾಡಿಸಿದ. ಕೋರ್ಟು ಕಚೇರಿ ಬೇಡ, ಕೊಟ್ಟಷ್ಟು ಪರಿಹಾರ ತಕ್ಕಂಡು ಸುಮ್ಮನಿರನ ಅಕ್ಕ, ಎಂದವನೂ ಅವನೇ.

"ನಿನ್ನ ಫೋನು ಕೊಡವ್ವ."

ಸಣ್ಣ ಗುಂಡಿ ಫೋನು. ಸೆರಗಿನ ಗಂಟಿನಿಂದ ತೆಗೆದುಕೊಟ್ಟಳು. ಒಂದೊಂದೇ ಮೆಸೇಜು ಹಿಂದಕ್ಕೆ ಸರಿಸುತ್ತ ಹೋದೆ. ಅಲ್ಲಿತ್ತು. ಶನಿವಾರ, ನಾಲ್ಕು ಐವತ್ತೊಂದು. ಇಂಗ್ಲಿಷಿನ ಎರಡು ಸಾಲು, ನಡುವೆ ಆರು ಅಂಕಿ.

"ಅವತ್ತು ನಿನಗೆ ಯಾರಾದ್ರೂ ಫೋನ್ ಮಾಡಿದ್ರಾ? ಭಾನು ಬಿದ್ದ ಮೇಲೆ?"

ಅವಳು ಮೊರವನ್ನು ಪಕ್ಕಕ್ಕೆ ಸರಿಸಿದಳು.

"ಆಸ್ಪತ್ರೆಯಿಂದ ಮಾಡುದ್ರು. ನಾನು ಅರಿಶಿನದ ಮಂಡೀಲಿದ್ದೆ. ಮಗಳು ಬಿದ್ದವಳ, ಅಡ್ಮಿಟ್ ಮಾಡ್ಬೇಕು, ಫೋನಿಗ ಒಂದು ನಂಬರ್ ಬತ್ತದ, ಅದ ಹೇಳು, ಹೇಳುದ್ರೇ ಔಷಧಿ ಶುರು ಮಾಡದು ಅಂದ್ರು."

"ನೀನು ಹೇಳಿದ್ಯಾ?"

"ಅಕ್ಸರ ಬರಲ್ಲ ನಂಗ. ಚೀಲದ ಮ್ಯಾಲ ಲಾಟ್ ನಂಬರ್ ನೋಡಿ ನೋಡಿ ಅಂಕಿ ಬತ್ತದ. ಹೇಳುದೆ. ಒಂದ್ಸಲ ತಪ್ಪು ಹೇಳ್ಬುಟ್ಟೆ ಅಣ್ಣ. ಗಾಬ್ರೀಲಿ ಫೋನ ತಲಕೆಳಗ ಹಿಡ್ಕಂಡಿದ್ನೋ ಏನೋ, ಒಂಬತ್ತನ್ನ ಆರು ಅಂದೆ. ಆಯಪ್ಪ ತಪ್ಪು ಅಂತ ರೇಗುದ. ಇನ್ನೊಂದ್ಸಲ ಹೇಳುದೆ. ಅದ್ಕೇ ತಡ ಆಗೋಯ್ತು. ಆ ಒಂದು ಅಂಕಿ ನೆಟ್ಗ ಓದಿದ್ರ ಮೊಗ ಉಳೀತಿತ್ತು. ಇದ ಯಾರಿಗೂ ಹೇಳಿಲ್ಲ ನಾನು. ತಮ್ಮಂಗೂ ಹೇಳಿಲ್ಲ."

ಹನ್ನೊಂದು ದಿನ ಈ ಹೆಂಗಸು ಇದನ್ನು ಒಳಗಿಟ್ಟುಕೊಂಡು ಕೂತಿದ್ದಳು.

"ತಡ ಆಗಲಿಲ್ಲ ಕಣವ್ವ," ಎಂದೆ. ಆಸ್ಪತ್ರೆಯ ಚೀಟಿ ತೆಗೆದು ಮೊದಲಿಂದ ಕೊನೆಯ ತನಕ ಓದಿ ಹೇಳಿದೆ. ನಾಲ್ಕೂವರೆ. ಆಮೇಲೆ ಅವಳ ಫೋನಿನ ಹೊತ್ತು ಓದಿದೆ. ನಾಲ್ಕು ಐವತ್ತೊಂದು. ಆಮೇಲೆ ಕಂಪನಿಯ ಹಾಳೆ. ನಾಲ್ಕು ಐವತ್ತೆರಡು.

ಅಂಕಿ ಬಲ್ಲವಳು. ಎರಡನೆಯ ಸಲ ಹೇಳಬೇಕಾಗಲಿಲ್ಲ.

"ಅಂಗಾದ್ರ ನಾ ಹೇಳಿದ್ದು ಔಷಧಿಗಲ್ಲ."

"ಅಲ್ಲ."

"ಸಾಯಕ್ಕ ಒಪ್ಪಿಗೆ."

ಬೀದಿಯಲ್ಲಿ ಕೋಳಿಯೊಂದು ಮರಿಗಳನ್ನು ಕೂಡಿಸಿಕೊಂಡು ಹೋಯಿತು. ಅವಳು ಅದನ್ನೇ ನೋಡುತ್ತಿದ್ದಳು.

ನನಗೊಂದು ವಿಷಯ ಇನ್ನೂ ಬಗೆಹರಿದಿರಲಿಲ್ಲ. ಅವಳ ನಂಬರು ಅವರಿಗೆ ಎಲ್ಲಿ ಸಿಕ್ಕಿತು? ಭಾನುವಿನ ಫೋನು ಕಂಬದ ಅಡಿ ಸಿಕ್ಕಿ ಚೂರಾಗಿತ್ತು, ಅದನ್ನು ಠಾಣೆಯಲ್ಲಿ ಕಣ್ಣಾರೆ ಕಂಡಿದ್ದೆ. ಶಿವರಾಮು ತುಂಬಿದ ಹಾಳೆಯಲ್ಲಿ ಅವನದೇ ನಂಬರು.

"ಆ ದನಿ ಯಾರದು ಅಂತ ಗುರುತು ಸಿಕ್ತಾ?"

"ಇಲ್ಲ. ಪ್ಯಾಟೆ ಮಾತು. ಯಾವತ್ತೂ ಕೇಳಿಲ್ಲ."

"ಗುರುತಿಲ್ದೋರು ಕೇಳಿದ ತಕ್ಷಣ ಹೇಳ್ಬುಟ್ಯಾ?"

"ಗುರುತಿರೋರು ಅನ್ನಂಗೇ ಕರದ್ರಲ್ಲ ಅಣ್ಣ. ಅದ್ಕೇ ನಂಬ್ಬುಟ್ಟೆ."

"ಏನಂತ ಕರೆದ್ರು?"

"ಕುಳ್ಳಕ್ಕ ಅಂದ್ರು. 'ಹಲೋ, ಕುಳ್ಳಕ್ಕನಾ?' ಅಂದ್ರು."

ನನ್ನ ಕೈಯಲ್ಲಿದ್ದ ಕಾಗದ ಮಡಿಸುವುದನ್ನು ನಿಲ್ಲಿಸಿದೆ.

"ನಿನ್ನನ್ನ ಯಾರವ್ವ ಹಂಗೆ ಕರೆಯೋದು? ಹರವೇಲಿ ನಾನು ಕೇಳಿಲ್ಲ."

"ಹರವೇಲಿ ಯಾರ್ ಕರೀತಾರ? ಭಾನು ಅವ್ವ ಅಂತಿದ್ಲು. ಅಂಗ ಕರಿಯೋನು ಲೋಕದಲ್ಲಿ ಒಬ್ನೇ..."

ಮಾತು ಅಲ್ಲಿಗೆ ನಿಂತಿತು. ಅವಳು ನನ್ನ ಮುಖ ನೋಡಿದಳು. ನಾನೂ ನೋಡಿದೆ.

ಯಾರದೋ ಫೋನಿನಲ್ಲಿ 'ಕುಳ್ಳಕ್ಕ' ಎಂದು ಬರೆದುಕೊಂಡ ನಂಬರೊಂದಿತ್ತು. ಮ್ಯಾನೇಜರನೋ ಅವನ ಕಡೆಯವನೋ, ಪೇಟೆ ಮಾತಿನವನು, ಅದನ್ನು ಹಾಗೇ ಓದಿ ಕರೆದಿದ್ದಾನೆ. ನಾಲ್ಕು ಐವತ್ತೊಂದಕ್ಕೆ ಆ ಫೋನು ತಾಳವಾಡಿಯ ಚಪ್ಪರದಲ್ಲಿರಲು ಸಾಧ್ಯವಿಲ್ಲ. ಹೊಲದಲ್ಲೋ ಆಸ್ಪತ್ರೆಯ ಹತ್ತಿರವೋ, ಬೇಗೂರು ಗುಂಡ್ಲುಪೇಟೆಯ ನಡುವೆಯೇ ಇತ್ತು.

"ಬ್ಯಾಡ ಅಣ್ಣ," ಎಂದಳು ನಿಧಾನವಾಗಿ. "ಅವನ್ನ ನಾನು ಸೊಂಟದ ಮ್ಯಾಲ ಹೊತ್ತು ಸಾಕಿದ್ದು."

ಹೊರಗೆ ಬೈಕಿನ ಸದ್ದು. ಇನ್ನೂ ಎರಡೂವರೆ. ಬೇಗ ಬಂದಿದ್ದ.

"ಕುಳ್ಳಕ್ಕ, ಉಂಡ್ಯಾ?"

ಗುರುಸ್ವಾಮಿ ಚಪ್ಪಲಿ ಬಿಟ್ಟು ಜಗುಲಿ ಹತ್ತಿದ. ಕಣ್ಣು ನಿದ್ದೆಯಿಲ್ಲದೆ ಕೆಂಪಾಗಿತ್ತು. ಒಂದು ಕೈಯಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಪತ್ರ, ಇನ್ನೊಂದರಲ್ಲಿ ಹೊಸ ಇಂಕ್ ಪ್ಯಾಡು. ನನ್ನನ್ನು ಕಂಡು ಒಂದು ಗಳಿಗೆ ತಡೆದ. ಆಮೇಲೆ ನಕ್ಕ.

"ಅಮೀನರೂ ಅವ್ರಲ್ಲ. ಒಳ್ಳೇದಾಯ್ತು, ಸಾಕ್ಷಿ ಹಾಕ್ಲಿ."

"ಹಾಕನ," ಎಂದೆ.

ಅವನು ಪ್ಯಾಡಿನ ಮುಚ್ಚಳ ತೆಗೆದು ಅಕ್ಕನ ಮುಂದಿಟ್ಟ. ಪತ್ರ ಬಿಚ್ಚಿ ಕೊನೆಯ ಹಾಳೆ ಮೇಲೆ ಬರುವಂತೆ ಮಡಿಸಿದ. ಹೆಬ್ಬೆಟ್ಟಿಗೆ ಪೆನ್ಸಿಲಿನಲ್ಲಿ ಗುಂಡಗೆ ಗುರುತು ಮಾಡಿಸಿಕೊಂಡೇ ಬಂದಿದ್ದ.

"ಇಲ್ಲೊಂದು ಕಡ ಒತ್ತುಬುಡು ಅಕ್ಕ. ಮುಗೀತು."

ಚಿಕ್ಕನಿಂಗಮ್ಮನ ಬಲಗೈ ಸೆರಗಿನೊಳಗೆ ಹೋಯಿತು. ಅಲ್ಲೇ ಉಳಿಯಿತು.

"ಓದು," ಎಂದಳು.

"ಏನ್ನ?"

"ಅದ್ರಲ್ಲಿ ಬರದಿರೋದ್ನ. ಮೊದ್ಲಿಂದ. ಗಟ್ಯಾಗಿ."

"ಅಯ್ಯೋ, ಎಲ್ಲ ಅದೇ ಕಣಕ್ಕ. ಕಾನೂನು ಮಾತು. ನಿಂಗೇನ ತಿಳೀತದ."

"ತಿಳೀದಿದ್ರ ಅಮೀನರು ಅವ್ರ. ಓದು."

ಅವನು ನನ್ನ ಕಡೆ ನೋಡಿದ. ನಾನು ಕನ್ನಡಕ ಹಾಕಿಕೊಂಡೆ. ಬೇರೇನೂ ಮಾಡಲಿಲ್ಲ. ಅವನು ಹಾಳೆ ತಿರುಗಿಸಿ ಓದಲು ಶುರು ಮಾಡಿದ. ಹೆಸರು, ಊರು, ತಾರೀಕು. ಹುಡುಗಿ ಆಕಸ್ಮಿಕವಾಗಿ ಬಿದ್ದದ್ದು. ತಾಯಿ ಮುಂಚೆಯೇ ಒಪ್ಪಿಗೆ ಕೊಟ್ಟಿದ್ದದ್ದು. ಆ ಸಾಲಿಗೆ ಅವಳ ಕಣ್ಣು ಮುಚ್ಚಿ ತೆರೆಯಿತು, ಅಷ್ಟೇ.

"'ಆದಕಾರಣ ಸದರಿ ಕಂಪನಿಯವರ ಮೇಲಾಗಲಿ, ಅಟ್ಟಣೆಯನ್ನು ಕಟ್ಟಿಕೊಟ್ಟ ಗುತ್ತಿಗೆದಾರರಾದ...'"

ನಿಂತ.

"ಆದ?" ಎಂದಳು ಅವಳು.

"ಅದೇ ಕಣಕ್ಕ. ಯಾರೋ. 'ಯಾವುದೇ ದಾವೆ ಇರುವುದಿಲ್ಲ.' ಅಷ್ಟೇ."

"ಹೆಸ್ರು ಬರದಿಲ್ವಾ ಅಲ್ಲಿ?"

ನಾನು ಹಾಳೆಯ ಕಡೆ ಬಗ್ಗಿದೆ. ಓದಲು ಆಗಲಿಲ್ಲ. ಅವನ ಹೆಬ್ಬೆರಳು ಆ ಸಾಲಿನ ಮೇಲೆ, ಕಾಗದ ಕುಳಿ ಬೀಳುವಷ್ಟು ಗಟ್ಟಿಯಾಗಿ ಒತ್ತಿಕೊಂಡಿತ್ತು. ಪ್ಯಾಡಿನ ಮುಚ್ಚಳ ತೆಗೆಯುವಾಗ ಹತ್ತಿದ ನೀಲಿ ಇಂಕು ಹೆಬ್ಬೆರಳಿನ ಸುತ್ತ ಹರಡುತ್ತಿತ್ತು.

ಚಿಕ್ಕನಿಂಗಮ್ಮ ತಮ್ಮನ ಮುಖ ನೋಡಲಿಲ್ಲ. ಆ ಬೆರಳನ್ನೇ ನೋಡುತ್ತಿದ್ದಳು.

"ತಮ್ಮ," ಎಂದಳು, "ಹೆಬ್ಬೆಟ್ಟು ತಗಿ."